ಸ್ವಯಂಚಾಲಿತ ಬಿಲ್ಡ್ ವೈಫಲ್ಯ

ಸ್ವಯಂಚಾಲಿತ ಬಿಲ್ಡ್ ವೈಫಲ್ಯ ಎಂದರೆ ತಂತ್ರಾಂಶವೊಂದರ ಮೂಲ ಕೋಡನ್ನು ಬಳಕೆಗೆ ಯೋಗ್ಯವಾದ ರೂಪಕ್ಕೆ ತರುವ ಸ್ವಯಂಚಾಲಿತ ಪ್ರಕ್ರಿಯೆಯು ತನ್ನ ಯಾವುದಾದರೊಂದು ಹಂತದಲ್ಲಿ ದೋಷವನ್ನು ವರದಿ ಮಾಡಿ ನಿಂತುಹೋಗುವುದು. ಅಭಿವೃದ್ಧಿಗಾರರ ಆಡುಮಾತಿನಲ್ಲಿ ಇದನ್ನು ‘ಬಿಲ್ಡ್ ಫೇಲ್ ಆಗಿದೆ’ ಅಥವಾ ‘ಬಿಲ್ಡ್ ಬ್ರೇಕ್ ಆಗಿದೆ’ ಎನ್ನಲಾಗುತ್ತದೆ. ಬಿಲ್ಡ್ ಸರ್ವರ್‌ಗಳು ಸಾಮಾನ್ಯವಾಗಿ ಯಶಸ್ಸನ್ನು ಹಸಿರು ಬಣ್ಣದಿಂದಲೂ ವೈಫಲ್ಯವನ್ನು ಕೆಂಪು ಬಣ್ಣದಿಂದಲೂ ಸೂಚಿಸುತ್ತವೆ.

ಬಿಲ್ಡ್ ವಿಫಲವಾದಾಗ ಕೊನೆಯದಾಗಿ ಕೋಡ್ ಬದಲಿಸಿದವರೇ ಕಾರಣರೆಂದು ಭಾವಿಸುವುದು ಸಾಮಾನ್ಯ. ಆದರೆ ಒಂದು ಅಕ್ಷರವೂ ಬದಲಾಗದ ಕೋಡ್ ಕೂಡ ನಿನ್ನೆ ಯಶಸ್ವಿಯಾಗಿ ಇಂದು ವಿಫಲವಾಗಬಹುದು. ಕೋಡ್, ಅದು ಅವಲಂಬಿಸಿರುವ ಹೊರಗಿನ ಲೈಬ್ರರಿಗಳು, ಬಿಲ್ಡ್ ನಡೆಯುವ ಗಣಕದ ಪರಿಸರ, ದಿನಾಂಕ ಮತ್ತು ವೇಳೆ, ಲಭ್ಯವಿರುವ ಸಂಪನ್ಮೂಲ ಇವುಗಳಲ್ಲಿ ಯಾವುದು ಬದಲಾದರೂ ಫಲಿತಾಂಶ ಬದಲಾಗಬಹುದು. ಆದುದರಿಂದ ಬಿಲ್ಡ್ ವೈಫಲ್ಯದ ಪತ್ತೆಕಾರ್ಯವೆಂದರೆ ಮುಖ್ಯವಾಗಿ ಕೊನೆಯ ಯಶಸ್ಸು ಮತ್ತು ಮೊದಲ ವೈಫಲ್ಯಗಳ ನಡುವೆ ಏನು ಬದಲಾಯಿತು ಎಂಬುದನ್ನು ಗುರುತಿಸುವ ಕಾರ್ಯ.

ಬಿಲ್ಡ್‌ನ ಹಂತಗಳು

ಬಿಲ್ಡ್ ಎಂಬುದು ಒಂದೇ ಕ್ರಿಯೆಯಲ್ಲ, ಹಲವು ಕ್ರಿಯೆಗಳ ಸರಪಳಿ. ಸಾಮಾನ್ಯವಾಗಿ ಅದರಲ್ಲಿ ಈ ಕೆಳಗಿನ ಹಂತಗಳಿರುತ್ತವೆ.

1. ಕೋಡ್ ಭಂಡಾರದಿಂದ ಮೂಲ ಕೋಡನ್ನು ಪಡೆಯುವುದು.
2. ತಂತ್ರಾಂಶಕ್ಕೆ ಬೇಕಾದ ಹೊರಗಿನ ಪ್ಯಾಕೇಜುಗಳನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುವುದು.
3. ಕಂಪೈಲರ್ ಮೂಲಕ ಮೂಲ ಕೋಡನ್ನು ಯಂತ್ರಭಾಷೆಗೆ ಅಥವಾ ಮಧ್ಯಂತರ ರೂಪಕ್ಕೆ ಪರಿವರ್ತಿಸುವುದು.
4. ಹೀಗೆ ದೊರೆತ ತುಣುಕುಗಳನ್ನು ಲೈಬ್ರರಿಗಳೊಂದಿಗೆ ಜೋಡಿಸುವುದು.
5. ಸ್ವಯಂಚಾಲಿತ ಪರೀಕ್ಷೆಗಳನ್ನು ನಡೆಸುವುದು.
6. ಬಳಕೆದಾರರಿಗೆ ವಿತರಿಸಬಹುದಾದ ಪ್ಯಾಕೇಜನ್ನು ಸಿದ್ಧಪಡಿಸುವುದು.

ಒಂದು ಹಂತ ವಿಫಲವಾದರೆ ಮುಂದಿನ ಹಂತಗಳು ಸಾಮಾನ್ಯವಾಗಿ ನಡೆಯುವುದಿಲ್ಲ. ಆದಕಾರಣ ಯಾವ ಹಂತದಲ್ಲಿ ಬಿಲ್ಡ್ ನಿಂತಿತು ಎಂಬುದೇ ಪತ್ತೆಗೆ ದೊರೆಯುವ ಮೊದಲ ಸುಳಿವು. ಎರಡನೆಯ ಹಂತದಲ್ಲಿ ನಿಂತ ಬಿಲ್ಡ್‌ಗೆ ಕಾರಣವನ್ನು ಪರೀಕ್ಷೆಗಳಲ್ಲಿ ಹುಡುಕುವುದು ವ್ಯರ್ಥ, ಏಕೆಂದರೆ ಆ ಪರೀಕ್ಷೆಗಳು ಇನ್ನೂ ಆರಂಭವೇ ಆಗಿರುವುದಿಲ್ಲ.

ಇತಿಹಾಸ

ಬಿಲ್ಡ್ ಪ್ರಕ್ರಿಯೆಯನ್ನು ಸ್ವಯಂಚಾಲಿತಗೊಳಿಸಿದ ಆರಂಭಿಕ ಸಾಧನಗಳಲ್ಲಿ ‘ಮೇಕ್’ ಅತ್ಯಂತ ಪ್ರಸಿದ್ಧವಾದುದು. ಇದನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ರಚಿಸಿದರು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಅವರು ಈಗಾಗಲೇ ಸರಿಪಡಿಸಿದ್ದ ಪ್ರೋಗ್ರಾಮಿನಲ್ಲಿಯೇ ದೋಷ ಹುಡುಕುತ್ತ ಒಂದು ಬೆಳಗನ್ನೆಲ್ಲ ಕಳೆದಿದ್ದರು. ತಿದ್ದಿದ ಕಡತವನ್ನು ಮರಳಿ ಕಂಪೈಲ್ ಮಾಡದೇ ಇದ್ದುದರಿಂದ ಹಳೆಯ ತುಣುಕೇ ಓಡುತ್ತಿತ್ತು. ಈ ಪ್ರಸಂಗವೇ ಮೇಕ್‌ನ ರಚನೆಗೆ ಪ್ರೇರಣೆಯಾಯಿತು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬುದನ್ನು ‘ಮೇಕ್‌ಫೈಲ್’ ಎಂಬ ಕಡತದಲ್ಲಿ ಬರೆದಿಟ್ಟರೆ, ಬದಲಾದ ಭಾಗಗಳನ್ನು ಮಾತ್ರ ಮೇಕ್ ಮರಳಿ ಕಟ್ಟುತ್ತದೆ. ಈ ಕೃತಿಗಾಗಿ ಫೆಲ್ಡ್‌ಮನ್ ಅವರಿಗೆ 2003ರ ಎಸಿಎಂ ತಂತ್ರಾಂಶ ವ್ಯವಸ್ಥಾ ಪ್ರಶಸ್ತಿ ದೊರೆಯಿತು.

ಬಿಲ್ಡ್ ವೈಫಲ್ಯದ ಒಂದು ಹಳೆಯ ಕಾರಣವೂ ಮೇಕ್‌ನೊಂದಿಗೇ ಹುಟ್ಟಿತು. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲುಗಳು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕು. ಅದರ ಬದಲು ಖಾಲಿ ಜಾಗಗಳನ್ನು ಬಳಸಿದರೆ ಬಿಲ್ಡ್ ನಿಲ್ಲುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಈ ನಿಯಮ ತೊಡಕಿನದೆಂದು ಫೆಲ್ಡ್‌ಮನ್ ಅವರಿಗೆ ಬೇಗನೆ ಮನವರಿಕೆಯಾಗಿತ್ತು. ಆದರೆ ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ ಬಳಕೆದಾರರಿದ್ದುದರಿಂದ, ಅವರಿಗೆ ತೊಂದರೆಯಾಗಬಾರದೆಂದು ಅದನ್ನು ಹಾಗೆಯೇ ಉಳಿಸಿಕೊಂಡರು. ಆ ನಿಯಮ ಇಂದಿಗೂ ಜಾರಿಯಲ್ಲಿದೆ.

ಹಲವರು ಬರೆದ ಕೋಡನ್ನು ಮತ್ತೆ ಮತ್ತೆ ಒಂದುಗೂಡಿಸಿ ಪರೀಕ್ಷಿಸುವ ‘ನಿರಂತರ ಏಕೀಕರಣ’ ಎಂಬ ಪದವನ್ನು ಗ್ರೇಡಿ ಬೂಚ್ ಅವರು 1991ರಲ್ಲಿ ಬಳಸಿದರು. 1990ರ ದಶಕದ ಉತ್ತರಾರ್ಧದಲ್ಲಿ ಕೆಂಟ್ ಬೆಕ್ ಮೊದಲಾದವರು ರೂಪಿಸಿದ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಪದ್ಧತಿಯು ದಿನಕ್ಕೆ ಹಲವು ಬಾರಿ ಏಕೀಕರಣ ನಡೆಸಬೇಕೆಂದು ಪ್ರತಿಪಾದಿಸಿತು. 2001ರಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಿಂದ ‘ಕ್ರೂಸ್ ಕಂಟ್ರೋಲ್’ ಎಂಬ ಮುಕ್ತ ತಂತ್ರಾಂಶವೂ, 2005ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಗುಚಿ ಅವರಿಂದ ‘ಹಡ್ಸನ್’ ಎಂಬ ಸರ್ವರ್ ತಂತ್ರಾಂಶವೂ ಬಿಡುಗಡೆಯಾದವು. ತನ್ನ ಕೋಡ್ ತಂಡದ ಬಿಲ್ಡನ್ನು ಕೆಡಿಸುವುದೋ ಇಲ್ಲವೋ ಎಂಬುದು ಸಹೋದ್ಯೋಗಿಗಳಿಗಿಂತ ಮೊದಲೇ ತನಗೆ ತಿಳಿಯಬೇಕೆಂಬುದು ಕವಗುಚಿ ಅವರ ಉದ್ದೇಶವಾಗಿತ್ತು. ಸನ್ ಸಂಸ್ಥೆಯನ್ನು ಒರಾಕಲ್ ಕೊಂಡ ಬಳಿಕ ಉಂಟಾದ ಹೆಸರಿನ ವಿವಾದದಿಂದಾಗಿ 2011ರಲ್ಲಿ ಆ ಯೋಜನೆಯ ಬಹುಪಾಲು ಸಮುದಾಯವು ‘ಜೆಂಕಿನ್ಸ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಅದೇ ವರ್ಷ ಆರಂಭವಾದ ಟ್ರಾವಿಸ್ ಸಿಐ ಹಾಗೂ 2018ರಲ್ಲಿ ಪ್ರಕಟವಾದ ಗಿಟ್‌ಹಬ್ ಆಕ್ಷನ್ಸ್ ಸೇವೆಗಳು ಸ್ವಂತ ಸರ್ವರ್ ಇಲ್ಲದ ಸಣ್ಣ ಸ್ವಯಂಸೇವಾ ಯೋಜನೆಗಳಿಗೂ ಸ್ವಯಂಚಾಲಿತ ಬಿಲ್ಡ್ ಎಟಕುವಂತೆ ಮಾಡಿದವು.

ವೈಫಲ್ಯದ ಕಾರಣಗಳು

ಮೂಲ ಕೋಡಿನ ದೋಷ

ವ್ಯಾಕರಣ ದೋಷ, ಘೋಷಿಸದ ಹೆಸರಿನ ಬಳಕೆ, ಇಬ್ಬರು ಒಂದೇ ಭಾಗವನ್ನು ಬೇರೆ ಬೇರೆ ರೀತಿಯಲ್ಲಿ ತಿದ್ದಿರುವುದು, ಹೊಸದಾಗಿ ರಚಿಸಿದ ಕಡತವನ್ನು ಭಂಡಾರಕ್ಕೆ ಸೇರಿಸಲು ಮರೆತಿರುವುದು ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಕೊನೆಯ ಸಂದರ್ಭದಲ್ಲಿ ಬರೆದವರ ಗಣಕದಲ್ಲಿ ಕಡತ ಇರುವುದರಿಂದ ಬಿಲ್ಡ್ ಅಲ್ಲಿ ಯಶಸ್ವಿಯಾಗಿ ಸರ್ವರ್‌ನಲ್ಲಿ ಮಾತ್ರ ವಿಫಲವಾಗುತ್ತದೆ.

ಅವಲಂಬನೆಗಳ ಬದಲಾವಣೆ

ಇಂದಿನ ತಂತ್ರಾಂಶಗಳು ಹೊರಗಿನ ಹಲವಾರು ಪ್ಯಾಕೇಜುಗಳನ್ನು ಅವಲಂಬಿಸಿರುತ್ತವೆ. ಆ ಪ್ಯಾಕೇಜುಗಳು ಮತ್ತೆ ಬೇರೆ ಪ್ಯಾಕೇಜುಗಳನ್ನು ಅವಲಂಬಿಸಿರುತ್ತವೆ. ಆವೃತ್ತಿಯನ್ನು ನಿಖರವಾಗಿ ಗೊತ್ತುಪಡಿಸದೆ ‘ಇತ್ತೀಚಿನದು’ ಎಂದಷ್ಟೇ ಸೂಚಿಸಿದ್ದರೆ, ನಿನ್ನೆಯ ಬಿಲ್ಡ್‌ಗೂ ಇಂದಿನ ಬಿಲ್ಡ್‌ಗೂ ಬೇರೆ ಬೇರೆ ಆವೃತ್ತಿಗಳು ದೊರೆಯಬಹುದು. ಪ್ಯಾಕೇಜುಗಳನ್ನು ಪೂರೈಸುವ ಸರ್ವರ್‌ಗಳ ನಿಯಮಗಳೂ ಬದಲಾಗುತ್ತವೆ. ಜಾವಾ ಪ್ಯಾಕೇಜುಗಳ ಪ್ರಮುಖ ಭಂಡಾರವಾದ ಮೇವನ್ ಸೆಂಟ್ರಲ್ 2020ರ ಜನವರಿ 15ರಿಂದ ಗೂಢಲಿಪೀಕರಣವಿಲ್ಲದ ಸಂಪರ್ಕವನ್ನು ನಿಲ್ಲಿಸಿತು. ಹಳೆಯ ವಿಳಾಸವನ್ನು ಬಳಸುತ್ತಿದ್ದ ಬಿಲ್ಡ್‌ಗಳಿಗೆ ಅಂದಿನಿಂದ 501 ಎಂಬ ದೋಷಸಂಖ್ಯೆ ಬರತೊಡಗಿತು. ಡಾಕರ್ ಹಬ್ 2020ರ ನವೆಂಬರ್‌ನಿಂದ ಹೆಸರು ನೋಂದಾಯಿಸದ ಬಳಕೆದಾರರಿಗೆ ಆರು ಗಂಟೆಗಳಲ್ಲಿ 100 ಬಾರಿ ಮಾತ್ರ ಇಳಿಸಿಕೊಳ್ಳುವ ಮಿತಿಯನ್ನು ವಿಧಿಸಿತು. ಗಿಟ್‌ಹಬ್ 2022ರ ಮಾರ್ಚ್ 15ರಂದು ಹಳೆಯ ಗಿಟ್ ಸಂಪರ್ಕವಿಧಾನವನ್ನು ಶಾಶ್ವತವಾಗಿ ನಿಲ್ಲಿಸಿತು. ಈ ಮೂರೂ ಸಂದರ್ಭಗಳಲ್ಲಿ ಕೋಡ್ ಬದಲಾಗದಿದ್ದರೂ ಬಿಲ್ಡ್‌ಗಳು ವಿಫಲವಾದವು.

ಪರಿಸರದ ಭಿನ್ನತೆ

ಅಭಿವೃದ್ಧಿಗಾರರ ಗಣಕ ಮತ್ತು ಬಿಲ್ಡ್ ಸರ್ವರ್‌ಗಳ ನಡುವಿನ ವ್ಯತ್ಯಾಸವು ವೈಫಲ್ಯಕ್ಕೆ ಪದೇ ಪದೇ ಕಾರಣವಾಗುತ್ತದೆ. ವಿಂಡೋಸ್‌ನಲ್ಲಿ ಕಡತದ ಹೆಸರಿನ ದೊಡ್ಡ ಮತ್ತು ಸಣ್ಣ ಇಂಗ್ಲಿಷ್ ಅಕ್ಷರಗಳ ನಡುವೆ ಸಾಮಾನ್ಯವಾಗಿ ಭೇದವಿಲ್ಲ, ಲಿನಕ್ಸ್‌ನಲ್ಲಿದೆ. ಹೀಗಾಗಿ ಹೆಸರಿನ ಮೊದಲ ಅಕ್ಷರವನ್ನು ಒಂದೆಡೆ ದೊಡ್ಡದಾಗಿಯೂ ಇನ್ನೊಂದೆಡೆ ಸಣ್ಣದಾಗಿಯೂ ಬರೆದಿದ್ದರೆ ಲಿನಕ್ಸ್ ಸರ್ವರ್‌ನಲ್ಲಿ ‘ಕಡತ ದೊರೆಯಲಿಲ್ಲ’ ಎಂಬ ದೋಷ ಬರುತ್ತದೆ. ಸಾಲಿನ ಕೊನೆಯನ್ನು ವಿಂಡೋಸ್ ಎರಡು ಸಂಕೇತಗಳಿಂದಲೂ ಲಿನಕ್ಸ್ ಒಂದೇ ಸಂಕೇತದಿಂದಲೂ ಗುರುತಿಸುತ್ತವೆ. ವಿಂಡೋಸ್ ರೀತಿಯಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಓಡದಿರಲು ಆ ಹೆಚ್ಚಿನ ಅಗೋಚರ ಸಂಕೇತವೇ ಕಾರಣವಾಗಿರಬಹುದು.

ಸ್ವಯಂಸೇವಾ ಯೋಜನೆಗಳಲ್ಲಿ ಹೊಸಬರನ್ನು ಎದೆಗುಂದಿಸುವ ಒಂದು ಭಿನ್ನತೆಯೂ ಇದೆ. ಗಿಟ್‌ಹಬ್ ಆಕ್ಷನ್ಸ್‌ನಂತಹ ಸೇವೆಗಳು ಸುರಕ್ಷತೆಯ ದೃಷ್ಟಿಯಿಂದ ಹೊರಗಿನವರು ತಮ್ಮ ಪ್ರತಿಯಿಂದ ಕಳುಹಿಸಿದ ಬದಲಾವಣೆಗಳ ಬಿಲ್ಡ್‌ಗೆ ಯೋಜನೆಯ ಗುಪ್ತಪದಗಳನ್ನು ಒದಗಿಸುವುದಿಲ್ಲ. ಬಿಲ್ಡ್‌ನ ಯಾವುದಾದರೂ ಹಂತಕ್ಕೆ ಆ ಗುಪ್ತಪದ ಅಗತ್ಯವಾಗಿದ್ದರೆ, ಹೊಸಬರು ಒಂದು ಕಾಗುಣಿತ ದೋಷವನ್ನಷ್ಟೇ ತಿದ್ದಿದ್ದರೂ ಅವರ ಹೆಸರಿನ ಮುಂದೆ ಕೆಂಪು ಗುರುತು ಮೂಡುತ್ತದೆ. ಇಲ್ಲಿ ತಿದ್ದಬೇಕಾದುದು ಬಿಲ್ಡ್‌ನ ವಿನ್ಯಾಸವೇ ಹೊರತು ಅವರ ಕೋಡ್ ಅಲ್ಲ.

ದಿನಾಂಕ ಮತ್ತು ವೇಳೆ

ತಿಂಗಳ ಕೊನೆಯ ದಿನ, ಫೆಬ್ರವರಿ 29, ವರ್ಷದ ಕೊನೆಯ ವಾರ ಮೊದಲಾದ ಸಂದರ್ಭಗಳಲ್ಲಿ ಮಾತ್ರ ವಿಫಲವಾಗುವ ಪರೀಕ್ಷೆಗಳುಂಟು. ಭಾರತೀಯ ಕಾಲಮಾನವು ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಪ್ರೋಗ್ರಾಮಿನ ಒಂದು ಭಾಗ ಸ್ಥಳೀಯ ಕಾಲವನ್ನೂ ಇನ್ನೊಂದು ಭಾಗ ಯುಟಿಸಿಯನ್ನೂ ಬಳಸಿದರೆ, ಭಾರತೀಯ ಕಾಲಮಾನಕ್ಕೆ ಹೊಂದಿಸಿದ ಗಣಕದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಇವೆರಡರ ದಿನಾಂಕಗಳು ಬೇರೆಯಾಗಿರುತ್ತವೆ. ಆ ಅವಧಿಯಲ್ಲಿ ವಿಫಲವಾದ ಪರೀಕ್ಷೆ ಬೆಳಗಾದ ಮೇಲೆ ತಾನಾಗಿಯೇ ಸರಿಹೋದಂತೆ ತೋರುತ್ತದೆ. ಯುಟಿಸಿಗೆ ಹೊಂದಿಸಿದ ಸರ್ವರ್‌ನಲ್ಲಿ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ.

ಸಂಪನ್ಮೂಲದ ಕೊರತೆ

ಸ್ಮೃತಿ ಸಾಲದಿರುವುದು, ಡಿಸ್ಕ್ ತುಂಬಿರುವುದು, ನಿಗದಿತ ಕಾಲಮಿತಿ ಮೀರಿರುವುದು, ಜಾಲಸಂಪರ್ಕ ಕಡಿದುಹೋಗಿರುವುದು ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಕಂಪೈಲರ್ ಯಾವ ತಪ್ಪನ್ನೂ ತೋರಿಸದೆ ಅರ್ಧದಲ್ಲಿಯೇ ನಿಂತಿರುತ್ತದೆ.

ಅಸ್ಥಿರ ಪರೀಕ್ಷೆಗಳು

ಒಂದೇ ಕೋಡಿನ ಮೇಲೆ ಒಮ್ಮೆ ಯಶಸ್ವಿಯಾಗಿ ಮತ್ತೊಮ್ಮೆ ವಿಫಲವಾಗುವ ಪರೀಕ್ಷೆಗಳನ್ನು ಅಸ್ಥಿರ ಪರೀಕ್ಷೆಗಳೆನ್ನುತ್ತಾರೆ. ಏಕಕಾಲದಲ್ಲಿ ನಡೆಯುವ ಕ್ರಿಯೆಗಳ ಕ್ರಮ ಬದಲಾಗುವುದು, ಒಂದು ಪರೀಕ್ಷೆ ಉಳಿಸಿಹೋದ ದತ್ತಾಂಶವು ಇನ್ನೊಂದಕ್ಕೆ ಅಡ್ಡಬರುವುದು, ಹೊರಗಿನ ಸೇವೆಯ ಉತ್ತರ ತಡವಾಗುವುದು ಇದಕ್ಕೆ ಕಾರಣಗಳು. ಗೂಗಲ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಮಾಹಿತಿಯಂತೆ ಅಲ್ಲಿನ ಪರೀಕ್ಷೆಗಳಲ್ಲಿ ಸುಮಾರು 16 ಪ್ರತಿಶತ ಒಂದಲ್ಲ ಒಂದು ಪ್ರಮಾಣದಲ್ಲಿ ಅಸ್ಥಿರವಾಗಿದ್ದವು; ಯಶಸ್ಸಿನಿಂದ ವೈಫಲ್ಯಕ್ಕೆ ತಿರುಗಿದ ಸಂದರ್ಭಗಳಲ್ಲಿ ಸುಮಾರು 84 ಪ್ರತಿಶತ ಅಸ್ಥಿರ ಪರೀಕ್ಷೆಗಳಿಗೆ ಸಂಬಂಧಿಸಿದ್ದವು.

ಪತ್ತೆಯ ಕ್ರಮ

ಲಾಗ್ ಓದುವಿಕೆ

ಬಿಲ್ಡ್ ನಡೆಯುವಾಗ ಪ್ರತಿಯೊಂದು ಕ್ರಿಯೆಯೂ ‘ಲಾಗ್’ ಎಂಬ ಪಠ್ಯದಲ್ಲಿ ದಾಖಲಾಗುತ್ತದೆ. ಸಾವಿರಾರು ಸಾಲುಗಳ ಈ ದಾಖಲೆಯಲ್ಲಿ ಕೊನೆಯ ಸಾಲು ‘ಬಿಲ್ಡ್ ವಿಫಲವಾಯಿತು’ ಎಂಬ ಪರಿಣಾಮವನ್ನಷ್ಟೇ ಹೇಳುತ್ತದೆ. ಕಾರಣವನ್ನು ಹೇಳುವುದು ಸಾಮಾನ್ಯವಾಗಿ ಮೊದಲ ದೋಷಸಂದೇಶ. ಒಂದು ಆವರಣ ಚಿಹ್ನೆ ಬಿಟ್ಟುಹೋದರೆ ಕಂಪೈಲರ್ ಅದರ ನಂತರದ ಸರಿಯಾದ ಸಾಲುಗಳನ್ನೂ ತಪ್ಪಾಗಿ ಗ್ರಹಿಸಿ ಹತ್ತಾರು ದೋಷಗಳನ್ನು ಪಟ್ಟಿಮಾಡಬಹುದು. ಮೊದಲನೆಯದನ್ನು ಸರಿಪಡಿಸಿದರೆ ಉಳಿದವು ಮಾಯವಾಗುತ್ತವೆ. ಹಲವು ಕೆಲಸಗಳನ್ನು ಒಟ್ಟೊಟ್ಟಿಗೆ ನಡೆಸುವ ಬಿಲ್ಡ್‌ಗಳಲ್ಲಿ ಬೇರೆ ಬೇರೆ ಕೆಲಸಗಳ ಸಾಲುಗಳು ಬೆರೆತುಹೋಗುತ್ತವೆ. ಆಗ ಒಂದೊಂದೇ ಕೆಲಸ ನಡೆಯುವಂತೆ ಬಿಲ್ಡನ್ನು ಮರಳಿ ಓಡಿಸಿದರೆ ದೋಷದ ಸ್ಥಾನ ಸ್ಪಷ್ಟವಾಗುತ್ತದೆ. ಗ್ನೂ ಮೇಕ್ ತಾನು ನಿಲ್ಲಲು ಕಾರಣವಾದ ದೋಷದ ಸಾಲಿನಲ್ಲಿ ಮೂರು ನಕ್ಷತ್ರ ಚಿಹ್ನೆಗಳನ್ನು ಮುದ್ರಿಸುವುದರಿಂದ, ಅವುಗಳನ್ನು ಹುಡುಕಿ ಅಲ್ಲಿಂದ ಮೇಲಕ್ಕೆ ಓದುತ್ತ ಹೋಗುವುದು ರೂಢಿಯಲ್ಲಿದೆ.

ನಿರ್ಗಮನ ಸಂಖ್ಯೆ

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ರತಿಯೊಂದು ಆಜ್ಞೆಯೂ ಮುಗಿದಾಗ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಸೊನ್ನೆ ಎಂದರೆ ಯಶಸ್ಸು, ಉಳಿದವು ವೈಫಲ್ಯ. 127 ಎಂದರೆ ಆ ಹೆಸರಿನ ಆಜ್ಞೆಯೇ ದೊರೆಯಲಿಲ್ಲವೆಂದೂ, 126 ಎಂದರೆ ಆಜ್ಞೆ ದೊರೆತರೂ ಅದನ್ನು ನಡೆಸಲಾಗಲಿಲ್ಲವೆಂದೂ ಅರ್ಥ. 137 ಎಂಬುದು 128 ಮತ್ತು 9ರ ಮೊತ್ತ. ಒಂಬತ್ತನೆಯ ಸಂಕೇತದಿಂದ ಪ್ರಕ್ರಿಯೆಯನ್ನು ಬಲವಂತವಾಗಿ ಕೊನೆಗೊಳಿಸಲಾಗಿದೆ ಎಂದು ಅದು ಸೂಚಿಸುತ್ತದೆ. ಸ್ಮೃತಿಯ ಕೊರತೆ ಇದಕ್ಕೆ ಸಾಮಾನ್ಯ ಕಾರಣ.

ಇದಕ್ಕೆ ವಿರುದ್ಧವಾದ ಅಪಾಯ ಸುಳ್ಳು ಯಶಸ್ಸು. ಶೆಲ್‌ನಲ್ಲಿ ಒಂದರ ಫಲಿತವನ್ನು ಇನ್ನೊಂದಕ್ಕೆ ರವಾನಿಸುವಂತೆ ಆಜ್ಞೆಗಳನ್ನು ಜೋಡಿಸಿದಾಗ, ವಿಶೇಷ ಸೂಚನೆಯಿಲ್ಲದಿದ್ದರೆ ಕೊನೆಯ ಆಜ್ಞೆಯ ಸಂಖ್ಯೆ ಮಾತ್ರ ಗಣನೆಗೆ ಬರುತ್ತದೆ. ಮೊದಲ ಆಜ್ಞೆ ವಿಫಲವಾಗಿದ್ದರೂ ಬಿಲ್ಡ್ ಹಸಿರಾಗಿ ಕಾಣುತ್ತದೆ. ‘ಪೈಪ್‌ಫೇಲ್’ ಎಂಬ ಆಯ್ಕೆಯಿಂದ ಇದನ್ನು ತಡೆಯಬಹುದು.

ಹೋಲಿಕೆ ಮತ್ತು ಮರುಸೃಷ್ಟಿ

ಕೊನೆಯ ಯಶಸ್ವಿ ಬಿಲ್ಡ್‌ನ ಲಾಗನ್ನೂ ಮೊದಲ ವಿಫಲ ಬಿಲ್ಡ್‌ನ ಲಾಗನ್ನೂ ಪಕ್ಕಪಕ್ಕದಲ್ಲಿಟ್ಟು ಕಾರ್ಯವ್ಯವಸ್ಥೆ, ಕಂಪೈಲರ್ ಮತ್ತು ಪ್ಯಾಕೇಜುಗಳ ಆವೃತ್ತಿಗಳನ್ನು ಹೋಲಿಸಲಾಗುತ್ತದೆ. ಬಳಿಕ ಕೊನೆಯದಾಗಿ ಯಶಸ್ವಿಯಾಗಿದ್ದ ಕೋಡನ್ನೇ ಇಂದು ಮರಳಿ ಬಿಲ್ಡ್ ಮಾಡಿ ನೋಡುವುದು ನಿರ್ಣಾಯಕ ಪ್ರಯೋಗ. ಅದು ಈಗಲೂ ಪ್ರತಿ ಬಾರಿ ಯಶಸ್ವಿಯಾದರೆ ದೋಷ ಹೊಸ ಬದಲಾವಣೆಯಲ್ಲಿರುವ ಸಂಭವ ಹೆಚ್ಚು; ಈಗ ವಿಫಲವಾದರೆ ಕಾರಣವು ಕೋಡಿನ ಹೊರಗಿದೆ. ವಿಫಲವಾದ ಬಿಲ್ಡನ್ನು ಸರ್ವರ್‌ನಂತಹುದೇ ಪರಿಸರದಲ್ಲಿ, ಉದಾಹರಣೆಗೆ ಅದೇ ಡಾಕರ್ ಇಮೇಜಿನಲ್ಲಿ, ಮರುಸೃಷ್ಟಿಸಲು ಸಾಧ್ಯವಾದರೆ ಪ್ರತಿಯೊಂದು ಊಹೆಗೂ ಸರ್ವರ್‌ಗಾಗಿ ಕಾಯುವ ಅಗತ್ಯ ತಪ್ಪುತ್ತದೆ.

ಹಿಂದಿನ ಬಿಲ್ಡ್‌ಗಳ ತುಣುಕುಗಳನ್ನು ಕೂಡಿಟ್ಟುಕೊಳ್ಳುವ ‘ಕ್ಯಾಶ್’ ಕೂಡ ಕಾರಣವಾಗಿರಬಹುದು. ಅದನ್ನು ಅಳಿಸಿ ಆರಂಭದಿಂದ ಬಿಲ್ಡ್ ಮಾಡಿದಾಗ ಯಶಸ್ಸು ದೊರೆತರೆ, 1976ರಲ್ಲಿ ಮೇಕ್‌ಗೆ ಪ್ರೇರಣೆಯಾದ ಹಳೆಯ ತುಣುಕಿನ ಸಮಸ್ಯೆಯೇ ಹೊಸ ರೂಪದಲ್ಲಿ ಬಂದಿದೆ ಎಂದು ತಿಳಿಯಬಹುದು.

ಇಬ್ಭಾಗಿಸುವ ವಿಧಾನ

ಯಶಸ್ಸು ಮತ್ತು ವೈಫಲ್ಯಗಳ ನಡುವೆ ನೂರಾರು ಬದಲಾವಣೆಗಳು ನಡೆದಿದ್ದರೆ ‘ಗಿಟ್ ಬೈಸೆಕ್ಟ್’ ಎಂಬ ಸಾಧನ ನೆರವಾಗುತ್ತದೆ. ಅದು ನಡುವಿನ ಒಂದು ಬದಲಾವಣೆಯನ್ನು ಆರಿಸಿ ಪರೀಕ್ಷೆಗೆ ಒಡ್ಡುತ್ತದೆ. ಅಲ್ಲಿ ಬಿಲ್ಡ್ ಯಶಸ್ವಿಯಾದರೆ ದೋಷ ನಂತರದ ಅರ್ಧದಲ್ಲಿದೆ, ವಿಫಲವಾದರೆ ಅಲ್ಲಿ ಅಥವಾ ಹಿಂದಿನ ಅರ್ಧದಲ್ಲಿದೆ. ಹೀಗೆ ಪ್ರತಿ ಬಾರಿಯೂ ವ್ಯಾಪ್ತಿ ಅರ್ಧವಾಗುವುದರಿಂದ ಸುಮಾರು 1,000 ಬದಲಾವಣೆಗಳ ನಡುವಿನಿಂದ ದೋಷ ತಂದ ಒಂದನ್ನು ಹತ್ತು ಪ್ರಯತ್ನಗಳಲ್ಲಿ ಗುರುತಿಸಬಹುದು. ಅಸ್ಥಿರ ಪರೀಕ್ಷೆಗಳಿದ್ದಲ್ಲಿ ಒಂದು ತಪ್ಪು ಉತ್ತರವೂ ಹುಡುಕಾಟದ ದಾರಿ ತಪ್ಪಿಸುವುದರಿಂದ, ಪ್ರತಿ ಹಂತವನ್ನೂ ಹಲವು ಬಾರಿ ಪರೀಕ್ಷಿಸಬೇಕಾಗುತ್ತದೆ.

ಪ್ರಮುಖ ಘಟನೆಗಳು

ಲೆಫ್ಟ್-ಪ್ಯಾಡ್

2016ರ ಮಾರ್ಚ್ 22ರಂದು ಜಾವಾಸ್ಕ್ರಿಪ್ಟ್ ಭಾಷೆಯ ಎನ್‌ಪಿಎಂ ಭಂಡಾರದಿಂದ ‘ಲೆಫ್ಟ್-ಪ್ಯಾಡ್’ ಎಂಬ ಪ್ಯಾಕೇಜು ಕಣ್ಮರೆಯಾಯಿತು. ಪಠ್ಯದ ಎಡಬದಿಗೆ ಖಾಲಿ ಜಾಗ ಅಥವಾ ಸೊನ್ನೆಗಳನ್ನು ತುಂಬುವ ಅದರ ಕೋಡ್ ಕೇವಲ 11 ಸಾಲುಗಳದ್ದು. ಬೇರೊಂದು ಪ್ಯಾಕೇಜಿನ ಹೆಸರಿನ ಬಗ್ಗೆ ಎದ್ದ ವಿವಾದದಿಂದ ಬೇಸರಗೊಂಡ ಅದರ ಕರ್ತೃ ತನ್ನ 250ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಹಿಂತೆಗೆದುಕೊಂಡಿದ್ದರು. ಬೇಬೆಲ್‌ನಂತಹ ಪ್ರಮುಖ ಸಾಧನಗಳು ಪರೋಕ್ಷವಾಗಿ ಇದನ್ನು ಅವಲಂಬಿಸಿದ್ದುದರಿಂದ ಜಗತ್ತಿನಾದ್ಯಂತ ಬಿಲ್ಡ್‌ಗಳು ವಿಫಲವಾದವು. ಮತ್ತೊಬ್ಬ ಅಭಿವೃದ್ಧಿಗಾರರು ಅದೇ ಕಾರ್ಯ ಮಾಡುವ ಪ್ಯಾಕೇಜನ್ನು 1.0.0 ಎಂಬ ಆವೃತ್ತಿಯಾಗಿ ಶೀಘ್ರದಲ್ಲೇ ಪ್ರಕಟಿಸಿದರೂ, ಹಲವು ಯೋಜನೆಗಳು 0.0.3 ಎಂಬ ಆವೃತ್ತಿಯನ್ನೇ ಕೇಳುತ್ತಿದ್ದುದರಿಂದ ವೈಫಲ್ಯ ಮುಂದುವರಿಯಿತು. ಕೊನೆಗೆ ಎನ್‌ಪಿಎಂ ಸಂಸ್ಥೆಯೇ ಹಳೆಯ ಆವೃತ್ತಿಯನ್ನು ಮರಳಿ ಸ್ಥಾಪಿಸಿತು. ಪ್ಯಾಕೇಜುಗಳನ್ನು ಹಿಂತೆಗೆದುಕೊಳ್ಳುವ ನಿಯಮಗಳನ್ನು ಆ ಬಳಿಕ ಬಿಗಿಗೊಳಿಸಲಾಯಿತು.

ಮೂಲ ಪ್ರಮಾಣಪತ್ರದ ಅವಧಿ ಮುಕ್ತಾಯ

ಉಚಿತ ಸುರಕ್ಷತಾ ಪ್ರಮಾಣಪತ್ರಗಳನ್ನು ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸೇವೆಯು ಹಳೆಯ ಸಾಧನಗಳೊಂದಿಗಿನ ಹೊಂದಾಣಿಕೆಗಾಗಿ ಬಳಸುತ್ತಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿಯಿತು. ಹೊಸ ಮೂಲ ಪ್ರಮಾಣಪತ್ರ ಲಭ್ಯವಿದ್ದರೂ, ಓಪನ್‌ಎಸ್‌ಎಸ್‌ಎಲ್ 1.0.2ರಂತಹ ಹಳೆಯ ಆವೃತ್ತಿಗಳು ಹಳೆಯ ಸರಪಳಿಯನ್ನೇ ಅನುಸರಿಸಿ ಸಂಪರ್ಕವನ್ನು ನಿರಾಕರಿಸಿದವು. ಹಿಂದಿನ ದಿನದವರೆಗೆ ಪ್ಯಾಕೇಜುಗಳನ್ನು ಇಳಿಸಿಕೊಳ್ಳುತ್ತಿದ್ದ ಹಳೆಯ ಬಿಲ್ಡ್ ಪರಿಸರಗಳು ಅಂದು ಪ್ರಮಾಣಪತ್ರದ ದೋಷ ತೋರಿಸಿ ನಿಂತವು.

ಎಕ್ಸ್‌ಝಡ್ ಯುಟಿಲ್ಸ್

ಸಣ್ಣ ದೋಷವರದಿಯನ್ನೂ ನಿರ್ಲಕ್ಷಿಸಬಾರದೆಂಬುದಕ್ಕೆ 2024ರ ಘಟನೆ ಗಮನಾರ್ಹ ನಿದರ್ಶನ. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಾಗುವ ಎಕ್ಸ್‌ಝಡ್ ಯುಟಿಲ್ಸ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ದುರುದ್ದೇಶದ ಗುಪ್ತದ್ವಾರವೊಂದನ್ನು ಸೇರಿಸಲಾಗಿತ್ತು. ಅದನ್ನು ಪರೀಕ್ಷಾ ಕಡತಗಳ ವೇಷದಲ್ಲಿ ಅಡಗಿಸಿಟ್ಟು, ಬಿಲ್ಡ್ ನಡೆಯುವಾಗ ಮಾತ್ರ ಹೊರತೆಗೆದು ಜೋಡಿಸುವಂತೆ ರೂಪಿಸಲಾಗಿತ್ತು. ಪೋಸ್ಟ್‌ಗ್ರೆಸ್ ದತ್ತಸಂಚಯದ ಅಭಿವೃದ್ಧಿಗಾರರಾದ ಆಂಡ್ರೆಸ್ ಫ್ರಾಯಿಂಡ್ ಅವರು ದೂರಪ್ರವೇಶದಲ್ಲಿ ಸುಮಾರು ಅರ್ಧ ಸೆಕೆಂಡಿನ ಅಸಹಜ ವಿಳಂಬವನ್ನು ಗಮನಿಸಿದರು. ಕೆಲವು ವಾರಗಳ ಹಿಂದೆ, ಪ್ಯಾಕೇಜುಗಳನ್ನು ನವೀಕರಿಸಿದ ಬಳಿಕ, ಪೋಸ್ಟ್‌ಗ್ರೆಸ್‌ನ ಸ್ವಯಂಚಾಲಿತ ಪರೀಕ್ಷೆಯಲ್ಲಿ ವ್ಯಾಲ್‌ಗ್ರೈಂಡ್ ಎಂಬ ಸಾಧನವು ವಿಚಿತ್ರವಾದ ದೂರೊಂದನ್ನು ದಾಖಲಿಸಿದ್ದುದೂ ಅವರಿಗೆ ನೆನಪಾಯಿತು. ಈ ಎರಡು ಸುಳಿವುಗಳ ಬೆನ್ನು ಹತ್ತಿದ ಅವರು ಮಾರ್ಚ್ 29ರಂದು ಗುಪ್ತದ್ವಾರವನ್ನು ಬಹಿರಂಗಪಡಿಸಿದರು. ಪ್ರಮುಖ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗಳನ್ನು ತಲುಪುವ ಮೊದಲೇ ಅಪಾಯವನ್ನು ತಡೆಯಲು ಇದರಿಂದ ಸಾಧ್ಯವಾಯಿತು.

ಕನ್ನಡ ಪಠ್ಯಕ್ಕೆ ಸಂಬಂಧಿಸಿದ ವೈಫಲ್ಯಗಳು

ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ಅನುವಾದಿಸುವವರು ಪ್ರೋಗ್ರಾಮರ್‌ಗಳಾಗಿರಬೇಕೆಂದಿಲ್ಲ. ಆದರೂ ಅವರ ಅನುವಾದವು ಬಿಲ್ಡ್‌ನ ಭಾಗವಾಗುತ್ತದೆ. ಗ್ನೂ ಗೆಟ್‌ಟೆಕ್ಸ್ಟ್ ವ್ಯವಸ್ಥೆಯಲ್ಲಿ ಬದಲಾಗುವ ಮೌಲ್ಯಗಳ ಸ್ಥಾನವನ್ನು ಶೇಕಡಾ ಚಿಹ್ನೆಯಿಂದ ಸೂಚಿಸಲಾಗುತ್ತದೆ. ಇಂಗ್ಲಿಷಿನಲ್ಲಿ ಕಡತಗಳ ಸಂಖ್ಯೆ ಮೊದಲು ಬಂದು ಕೋಶದ ಹೆಸರು ನಂತರ ಬಂದರೆ, ಕನ್ನಡದಲ್ಲಿ ‘ಚಿತ್ರಗಳು ಎಂಬ ಕೋಶದಲ್ಲಿ 3 ಕಡತಗಳಿವೆ’ ಎಂಬಂತೆ ಆ ಕ್ರಮ ಸಹಜವಾಗಿಯೇ ತಿರುವುಮುರುವಾಗುತ್ತದೆ. ಅನುವಾದಕರು ಚಿಹ್ನೆಗಳ ಸ್ಥಾನವನ್ನಷ್ಟೇ ಬದಲಿಸಿದರೆ, ತಪಾಸಣೆಯ ಆಯ್ಕೆಯೊಂದಿಗೆ ನಡೆಯುವ ಬಿಲ್ಡ್ ಅದನ್ನು ದೋಷವೆಂದು ಪರಿಗಣಿಸಿ ನಿಲ್ಲುತ್ತದೆ. ಶೇಕಡಾ ಚಿಹ್ನೆಯ ನಂತರ ಮೂಲದಲ್ಲಿನ ಕ್ರಮಸಂಖ್ಯೆಯನ್ನೂ ಡಾಲರ್ ಚಿಹ್ನೆಯನ್ನೂ ಸೇರಿಸುವುದು ಸರಿಯಾದ ಪರಿಹಾರ. ಈ ಕ್ರಮಸಂಖ್ಯೆಗೆ ಕನ್ನಡ ಅಂಕಿಗಳನ್ನು ಬಳಸುವಂತಿಲ್ಲ. ಇಲ್ಲಿ ಬಿಲ್ಡ್ ವೈಫಲ್ಯವು ಅನುವಾದಕರಿಗೆ ಅಡ್ಡಿಯಂತೆ ತೋರಿದರೂ ಬಳಕೆದಾರರಿಗೆ ರಕ್ಷಣೆಯೇ ಆಗಿದೆ. ಆ ತಪ್ಪು ಹಾಗೆಯೇ ಉಳಿದಿದ್ದರೆ ಸಿ ಭಾಷೆಯ ಪ್ರೋಗ್ರಾಮು ಸಂಖ್ಯೆಯನ್ನು ಪಠ್ಯದ ವಿಳಾಸವೆಂದು ಭಾವಿಸಿ, ಕನ್ನಡದಲ್ಲಿ ಬಳಸುವವರ ಗಣಕದಲ್ಲಿ ಮಾತ್ರ ಕುಸಿದುಬೀಳುವ ಸಂಭವವಿತ್ತು.

ಯುನಿಕೋಡ್‌ನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿಗಳಲ್ಲಿ ದಾಖಲಿಸಬಹುದು. ‘ಕೋಶ’ ಎಂಬ ಪದದಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳೆಂಬ ಮೂರು ಸಂಕೇತಗಳಾಗಿ ಬಿಡಿಸಿಡಬಹುದು. ಆಪಲ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿಟ್ಟ ರೂಪದಲ್ಲಿ ಉಳಿಸುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟ ರೂಪದಲ್ಲಿಯೇ ಉಳಿಸುತ್ತದೆ. ಆದಕಾರಣ ಕನ್ನಡ ಹೆಸರಿನ ಕಡತವೊಂದು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಬಿಲ್ಡ್‌ಗೆ ದೊರೆಯದೇ ಹೋಗಬಹುದು. ಪಠ್ಯದ ಉದ್ದವನ್ನು ಅಳೆಯುವ ಪರೀಕ್ಷೆಗಳಲ್ಲಿಯೂ ಗೊಂದಲ ಉಂಟಾಗುತ್ತದೆ. ಓದುಗರಿಗೆ ಮೂರು ಅಕ್ಷರಗಳಾಗಿ ಕಾಣುವ ‘ಕನ್ನಡ’ ಎಂಬ ಪದವು ಯುನಿಕೋಡ್‌ನಲ್ಲಿ ಐದು ಸಂಕೇತಗಳು, ಯುಟಿಎಫ್-8 ರೂಪದಲ್ಲಿ 15 ಬೈಟ್‌ಗಳು.

ನಿರ್ವಹಣೆ ಮತ್ತು ತಡೆ

ಯೋಜನೆಯ ಮುಖ್ಯ ಶಾಖೆಯ ಬಿಲ್ಡ್ ಕೆಟ್ಟಾಗ ಸಮಸ್ಯೆ ತಂದ ಬದಲಾವಣೆಯನ್ನು ಮೊದಲು ಹಿಂತೆಗೆದು, ಆಮೇಲೆ ಕಾರಣವನ್ನು ಪರಿಶೀಲಿಸುವುದು ಅನೇಕ ತಂಡಗಳ ಪದ್ಧತಿ. ಇದರಿಂದ ಇತರರ ಕೆಲಸ ನಿಲ್ಲುವುದಿಲ್ಲ. ಮುಖ್ಯ ಶಾಖೆ ಕೆಂಪಾಗಿದ್ದರೆ ತುರ್ತಾದ ಸುರಕ್ಷತಾ ತಿದ್ದುಪಡಿಯೂ ಬಳಕೆದಾರರನ್ನು ತಲುಪುವುದು ತಡವಾಗಬಹುದು. ಡೆಬಿಯನ್ ಯೋಜನೆಯಲ್ಲಿ ಪ್ಯಾಕೇಜೊಂದು ಮೂಲ ಕೋಡಿನಿಂದ ಬಿಲ್ಡ್ ಆಗದಿರುವುದನ್ನು ಸಾಮಾನ್ಯವಾಗಿ ಬಿಡುಗಡೆಯನ್ನು ತಡೆಯಬಲ್ಲ ಗಂಭೀರ ದೋಷವೆಂದು ಪರಿಗಣಿಸಲಾಗುತ್ತದೆ.

ಅವಲಂಬನೆಗಳ ನಿಖರ ಆವೃತ್ತಿಗಳನ್ನು ‘ಲಾಕ್’ ಕಡತದಲ್ಲಿ ದಾಖಲಿಸಿಟ್ಟರೆ ಅನಿರೀಕ್ಷಿತ ನವೀಕರಣಗಳಿಂದಾಗುವ ವೈಫಲ್ಯವನ್ನು ತಡೆಯಬಹುದು. ಆದರೆ ಲೆಫ್ಟ್-ಪ್ಯಾಡ್ ಪ್ರಸಂಗದಲ್ಲಿ ಆದಂತೆ ಪ್ಯಾಕೇಜೇ ಇಲ್ಲವಾದಾಗ ಲಾಕ್ ಕಡತ ಸಾಲದು. ಅದಕ್ಕೆ ಪ್ಯಾಕೇಜುಗಳ ಪ್ರತಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕಾಗುತ್ತದೆ. ಲಾಕ್ ಮಾಡಿದ ಆವೃತ್ತಿಗಳನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಪ್ರಮಾಣಪತ್ರದ ಪ್ರಸಂಗದಂತೆ ಹಳೆಯದಾಗಿರುವುದೇ ವೈಫಲ್ಯಕ್ಕೆ ಕಾರಣವಾಗುತ್ತದೆ. ಕೋಡ್ ಬದಲಾಗದಿದ್ದರೂ ನಿಗದಿತ ಅವಧಿಗೊಮ್ಮೆ ಬಿಲ್ಡ್ ನಡೆಸುವುದರಿಂದ ಇಂತಹ ಬದಲಾವಣೆಗಳು ಬೇಗ ಬೆಳಕಿಗೆ ಬರುತ್ತವೆ.

ವಿಫಲವಾದ ಬಿಲ್ಡನ್ನು ಮತ್ತೊಮ್ಮೆ ಓಡಿಸಿ ನೋಡುವುದು ಪತ್ತೆಯ ಒಂದು ನ್ಯಾಯವಾದ ವಿಧಾನ. ಎರಡು ಫಲಿತಾಂಶಗಳು ಬೇರೆಯಾದರೆ ದೋಷ ಅಸ್ಥಿರವಾದುದೆಂದು ತಿಳಿಯುತ್ತದೆ. ಆದರೆ ಹಸಿರಾಗುವವರೆಗೆ ಓಡಿಸುತ್ತಲೇ ಇದ್ದು ಕಾರಣವನ್ನು ದಾಖಲಿಸದೆ ಬಿಡುವುದು ರೂಢಿಯಾದರೆ, ಕೆಂಪು ಗುರುತು ತನ್ನ ಅರ್ಥವನ್ನೇ ಕಳೆದುಕೊಳ್ಳುತ್ತದೆ. ನಿಜವಾದ ದೋಷ ಬಂದಾಗಲೂ ಅದನ್ನು ಎಂದಿನ ತೊಂದರೆಯೆಂದು ತಳ್ಳಿಹಾಕುವ ಅಪಾಯವಿರುತ್ತದೆ. ಅದಕ್ಕಾಗಿ ಅಸ್ಥಿರವೆಂದು ಕಂಡುಬಂದ ಪರೀಕ್ಷೆಗಳನ್ನು ಪ್ರತ್ಯೇಕಿಸಿ, ಪ್ರತಿಯೊಂದಕ್ಕೂ ಹೊಣೆಗಾರರನ್ನು ಗೊತ್ತುಪಡಿಸಿ, ಸರಿಪಡಿಸಿದ ಮೇಲೆ ಮರಳಿ ಸೇರಿಸುವ ಕ್ರಮವನ್ನು ಅನೇಕ ಯೋಜನೆಗಳು ಅನುಸರಿಸುತ್ತವೆ. ಪತ್ತೆಯಾದ ಕಾರಣವನ್ನೂ ಪರಿಹಾರವನ್ನೂ ಬದಲಾವಣೆಯ ವಿವರಣೆಯಲ್ಲಿ ಬರೆದಿಟ್ಟರೆ, ಮುಂದೆ ಅದೇ ದೋಷಸಂದೇಶವನ್ನು ಹುಡುಕುತ್ತ ಬರುವವರಿಗೆ ಅದು ಆಧಾರವಾಗುತ್ತದೆ.